ಮೂರಾಗಿ ಕಂಡ ಎಂಟು

ವಿಜಯಪುರ
೧೨ ಫೆಬ್ರುವರಿ ೨೦೨೫

ನನ್ನ ಮುದ್ದಿನ ತಂಗಿ ಸೌಭಾಗ್ಯ,

ಇಳಕಲ್ಲಿನ್ಯಾಗ ನೀನು, ಮಕ್ಕಳು, ಎಲ್ಲಾರೂ ಚೆಂದ ಇದ್ದೀರಿ ಅಂತ ನಂಬಿಕೊಂಡು ಬರಿಯಾಕತ್ತೇನಿ. ನಾವೂ ಇಲ್ಲಿ ಹಂಗ ಅದೇವಿ ಅಂತ ಮುಂದ ಬರೀಬೇಕು, ಅದು ರೂಢಿ. ಈ ಸಲ ಆ ಮಾತು ಕೈಗೆ ಬರವಲ್ದು.

ದೀಪಾವಳಿಗೆ ನೀ ಬರೆದ ಕಾಗದಕ್ಕ ಸಂಕ್ರಾಂತಿ ದಾಟಿದರೂ ಉತ್ತರ ಇಲ್ಲಂತ ಸಿಟ್ಟಾಗಿರಬೇಕು ನೀ. ಆಗು, ಖರೆ ಇದಿಷ್ಟು ಓದಿ ಆಮ್ಯಾಲೆ ಆಗು. ನಿನ್ನ ಕಿವಿ ಮಂದ ಆದಾಗಿಂದ ಫೋನಿನ್ಯಾಗ ನಾ ಒಂದು ಹೇಳಿದರ ನಿನಗ ಇನ್ನೊಂದು ಕೇಳಿಸತೈತಿ. ಮೊಬೈಲಿನ್ಯಾಗ ಬರೆದು ಹಾಕೂಣು ಅಂದರ ನಿನಗಿಂತ ಮೊದಲ ನಿನ್ನ ಸೊಸಿ ಓದತಾಳ. ಇದು ನಿನಗೊಬ್ಬಾಕಿಗೆ ಹೇಳೂ ಮಾತು. ಅದಕ್ಕ ಪೆನ್ನು ಹಿಡದೇನಿ. ಅಕ್ಷರ ಎಲ್ಲಾ ಹಾಳಿಯ ಬಲಕ್ಕ ಒತ್ತಿಕೊಂಡು ಬಂದಾವ, ಎಡಗಡೆ ಅರ್ಧಾ ಹಾಳಿ ಖಾಲಿ ಉಳದೈತಿ ಅಂತ ಇವರು ಈಗಷ್ಟ ನೋಡಿ ಹೇಳಿದರು. ನನಗ ಹಾಳಿ ತುಂಬಿದಂಗ ಕಾಣತೈತಿ. ಯಾಕ ಅಂತ ಮುಂದ ಹೇಳತೇನಿ.

ನನ್ನ ಹುಚ್ಚು ನಿನಗ ಗೊತ್ತೈತಿ. ಕಾಲೇಜಿನ್ಯಾಗ ಫಿಜಿಕ್ಸ್ ಕಲಿಸೂದು ಮುಗಿಸಿ ರಿಟೈರ್ ಆದ ಮ್ಯಾಲ ಮಂದಿ ಕಾಶಿ ರಾಮೇಶ್ವರ ತಿರುಗತಾರ, ನಾ ಹಳೇ ಗಾಜಿನ ಟ್ಯೂಬಿನ ಬೆನ್ನು ಹತ್ತಿದೆ. ಲ್ಯಾಬಿನ ಹಳೇ ಸಾಮಾನು ಗುಜರಿಗೆ ಹಾಕೂ ಹೊತ್ತಿನ್ಯಾಗ ಒಂದು ಕೆಟ್ಟ ಎಣಿಕಿ ಯಂತ್ರ ಇತ್ತು. "ನಿಮಗ ಇದರ ಮ್ಯಾಲ ಭಾಳ ಜೀವ, ಒಯ್ಯರಿ ಮೇಡಂ" ಅಂತ ಪ್ರಿನ್ಸಿಪಾಲರೇ ಕೊಟ್ಟು ಕಳಿಸಿದರು. ಅದರೊಳಗಿನವು ನಿಕ್ಸಿ ಟ್ಯೂಬು. ಸಣ್ಣ ಬಲ್ಬಿನಂಥ ಗಾಜಿನ ಕೊಳವಿ, ಒಳಗ ಸೊನ್ನಿಯಿಂದ ಒಂಬತ್ತರ ತನಕ ತೆಳ್ಳನ ತಂತಿಯ ಅಂಕಿ ಒಂದರ ಹಿಂದ ಒಂದು ನಿಲ್ಲಿಸಿರತಾರ. ಯಾವ ತಂತಿಗೆ ಕರೆಂಟ್ ಕೊಡತೀವಿ ಆ ಅಂಕಿ ಅಷ್ಟ ಕೆಂಡದ ಬಣ್ಣಕ್ಕ ಹೊಳೀತೈತಿ, ಉಳಿದವು ಕತ್ತಲಾಗ ನಿಂತಿರತಾವ. ಇನ್ನೊಂದು ಜಾತಿ ಐತಿ, ಡೆಕಾಟ್ರಾನ್ ಅಂತ. ಅದರಾಗ ಅಂಕಿ ಇಲ್ಲ, ಬರೇ ಒಂದು ಬೆಳಕಿನ ಚುಕ್ಕಿ ದುಂಡಗ ಸುತ್ತತೈತಿ. ಒಂದು ಎಣಿಸಿದರ ಒಂದು ಮನಿ ಮುಂದ ಜಿಗೀತೈತಿ, ಹತ್ತು ಆದ ಮ್ಯಾಲ ಮತ್ತ ಮೊದಲಿನ ಮನಿಗೆ ಬರತೈತಿ. ಈಗ ಯಾರೂ ಇವನ್ನ ಮಾಡೂದಿಲ್ಲ. ಎಲ್ಲೆಲ್ಲೋ ದೇಶದಾಗ ಯಾರೋ ತಮ್ಮ ಅಟ್ಟದಾಗ ಇಟ್ಟಿದ್ದನ್ನ ಮಾರತಾರ, ಹತ್ತಿ ಒಳಗ ಸುತ್ತಿ ಪಾರ್ಸಲ್ ಬರತೈತಿ. ಬಿಚ್ಚೂವಾಗ ನನಗ ಕೂಸಿನ ಮುಖ ನೋಡಿದಂಗ ಆಗತೈತಿ.

ಇವರಿಗೆ ಮೊದಲಿಂದ ಇದು ಸೇರೂದಿಲ್ಲ. ಟ್ಯೂಬು ಹೊತ್ತಬೇಕಂದರ ಮನಿ ಕರೆಂಟಿಗೆ ಸಮೀಪದ ಬಲ ಬೇಕು, ಮೈಮರೆತು ಮುಟ್ಟಿದರ ಝಾಡಿಸತೈತಿ. ನಾ ಯಾವಾಗಲೂ ಒಂದು ಕೈ ಬೆನ್ನ ಹಿಂದ ಇಟಗೊಂಡ ಕೆಲಸ ಮಾಡತಿದ್ದೆ, ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದಿ ಹಾಯ್ದು ಹೋಗಬಾರದಂತ. ಅದನ್ನ ನೋಡಿ ಇವರಿಗೆ ಇನ್ನಷ್ಟು ಅಂಜಿಕಿ. ಟಿಕೋಟಾದ ಅಂಗಡಿಯಿಂದ ಸಂಜೀಕ ಬಂದವರು ಬಾಗಲದಾಗ ನಿಂತು, "ನಂದಾ, ಸ್ವಿಚ್ ಬಂದ್ ಐತಿಲ್ಲೋ?" ಅಂತ ಕೇಳಿನ ಒಳಗ ಕಾಲಿಡತಿದ್ದರು. ದ್ರಾಕ್ಷಿ ತೋಟದ ಔಷಧ ಮಾರೂ ಮನಷ್ಯಾ, ದಿನಾ ವಿಷದ ಡಬ್ಬಿ ಮುಟ್ಟತಾರ, ಅದಕ್ಕ ಅಂಜೂದಿಲ್ಲ.

ಮೊದಲ ಸಲ ಗೊತ್ತಾದದ್ದು ಕಾರ್ತಿಕದಾಗ. ಡೆಕಾಟ್ರಾನ್ ಹಚ್ಚಿ, ಅದರ ನಟ್ಟನಡುವ ದಿಟ್ಟಿಸಿ ಕುಂತಿದ್ದೆ. ಚುಕ್ಕಿ ಮ್ಯಾಲಿಂದ ಬಲಕ್ಕ ಇಳೀತು, ಕೆಳಗ ಬಂತು, ಎಡಕ್ಕ ಹೊಳ್ಳಿತು, ಅಲ್ಲಿ ಮುಳುಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಮ್ಯಾಲ ಮತ್ತ ಹುಟ್ಟಿತು. ಪ್ರತಿ ಸುತ್ತಿಗೂ ಹಂಗ. ಟ್ಯೂಬು ಹಳೇದು, ಆ ಕಡೆ ಸತ್ತಿರಬೇಕು ಅಂದುಕೊಂಡೆ. ಹಳೇ ಸಾಮಾನಿನ ಜೋಡಿ ಬಾಳೂವಾಗ ಇಂಥಾದ್ದು ನಡಿಯೂದ.

ಆಮ್ಯಾಲ ನಿಕ್ಸಿ ಸುರು ಆತು. ಆ ಟ್ಯೂಬು ಜೋಡಿಸಿ ಒಂದು ಗಡಿಯಾರ ಮಾಡಿದ್ದೆ, ಅದರಾಗ ಎಂಟು ಬರೂ ಹೊತ್ತಿಗೆ ಮೂರು ಕಾಣಾಕ ಹತ್ತಿತು. ಇಂಗ್ಲಿಷ್ ಅಂಕಿಯ 8ರ ಎಡ ಅರ್ಧಾ ಅಳಿಸಿದರ 3 ಅಲ್ಲೇನು? ಈ ಟ್ಯೂಬಿಗೆ ಒಂದು ರೋಗ ಐತಿ. ಯಾವುದಾದರೊಂದು ಅಂಕಿ ಭಾಳ ದಿನ ಹೊತ್ತಲಿಲ್ಲಂದರ ಅದರ ತಂತಿ ಮ್ಯಾಲ ಕಿಟ್ಟ ಕುಂದರತೈತಿ, ಆಮ್ಯಾಲ ಅರ್ಧಾ ಹೊತ್ತತೈತಿ, ಅರ್ಧಾ ಇಲ್ಲ. ಆ ಅಂಕಿಯೊಂದನ್ನ ಸ್ವಲ್ಪ ಜೋರ ಕರೆಂಟಿನ ಮ್ಯಾಲ ತಾಸುಗಟ್ಟಲೆ ಉರಿಸಿದರ ಕಿಟ್ಟ ಹೋಗತೈತಿ. ನಾ ಉರಿಸಿದೆ. ಹೋಗಲಿಲ್ಲ. ಬ್ಯಾರೆ ಟ್ಯೂಬು ಹಾಕಿದೆ. ಅದರಾಗೂ ಎಡಕ್ಕ ಕತ್ತಲಿ. ಸೀಲ್ ಒಡೀದ ಹೊಸಾ ಡಬ್ಬಿ ಒಡದೆ. ಅದೂ ಹಂಗ. ಸಿಟ್ಟು ನೆತ್ತಿಗೇರಿತು. ಫೋಟೋ ತಗದು ಮಾರಿದಾತಗೆ ಕಳಿಸಿ, ಕೆಟ್ಟ ಮಾಲು ಕೊಟ್ಟೀಯಂತ ಬರದೆ. ಆತ ಎರಡು ಸಾಲು ಬರದ: "ಅಂಕಿ ಪೂರ್ತಿ ಹೊತ್ತಿದೆಯಲ್ಲ, ನನಗೆ ದೋಷ ಕಾಣುತ್ತಿಲ್ಲ." ಸುಳ್ಳ ಹೇಳಾಕತ್ತಾನ ಅಂದುಕೊಂಡೆ ನೋಡು.

ಅದ ತಿಂಗಳ ಬಬಲೇಶ್ವರದಾಗ ಇವರ ಅಕ್ಕ ಕಾಶಿಬಾಯಿಯ ಮೊಮ್ಮಗಳ ಬಸಿರಿನ ಕುಬಸ ಇತ್ತು. ಪಂಕ್ತಿಯೊಳಗ ಕುಂತು ಉಣ್ಣಾಕತ್ತಿದ್ದೆ. ಎಲ್ಲಾರೂ ಎದ್ದರು, ನಾನೂ ಏಳಾಕತ್ತೆ. ಕಾಶಕ್ಕ ಹೆಗಲ ಹಿಡದು ಕುಂದರಿಸಿದರು.

"ಯಾಕ ನಂದಾ, ನಮ್ಮ ಹೋಳಿಗಿ ಮ್ಯಾಲ ಸಿಟ್ಟೇನು? ಮುಟ್ಟಿಲ್ಲಲ್ಲ ನೀ!"

"ಎಲ್ಲಿ ಹೋಳಿಗಿ ಅಕ್ಕಾ? ನನಗ ಬಡಿಸೇ ಇಲ್ಲಲ್ಲ" ಅಂದೆ.

ಎಲ್ಲಾರೂ ನಕ್ಕರು. ನಾ ಚಾಷ್ಟಿ ಮಾಡಾಕತ್ತೇನಿ ಅಂತ ತಿಳದರು. ಕಾಶಕ್ಕ ನನ್ನ ಎಲಿ ತಿರುವಿ ಇಟ್ಟರು. ಹೋಳಿಗಿ, ಕಟ್ಟಿನ ಸಾರು, ಬದನಿಕಾಯಿ ಎಲ್ಲಾ ಎಲ್ಲಿಂದಲೋ ಬಂದು ಕಣ್ಣ ಮುಂದ ನಿಂತವು. ಅರ್ಧಾ ಎಲಿ ತಿಂದು ಅರ್ಧಾ ಹಂಗ ಬಿಟ್ಟಿದ್ದೆ. ನಾನೂ ನಕ್ಕೆ, ಖರೆ ಹೋಳಿಗಿ ಗಂಟಲಾಗ ಇಳೀಲಿಲ್ಲ.

ಆದರೂ ನಾ ಸುಮ್ಮ ಉಳದೆ. ಮನಸ್ಸು ಹೆಂಗ ಮಾಡತೈತಿ ನೋಡು, ಕಾಣೂದನ್ನ ಕಾಣದಂಗ ಮಾಡಿಕೊಳ್ಳಾಕ ಅದಕ್ಕ ಭಾಳ ಹೊತ್ತ ಹಿಡಿಯೂದಿಲ್ಲ. ಒಂದು ಮುಂಜಾನೆ ಇವರಿಗೆ ಊಟದ ಡಬ್ಬಿ ಕೊಟ್ಟ ಬರೂಣು ಅಂತ ಸ್ಕೂಟಿ ಮ್ಯಾಲ ಟಿಕೋಟಾಕ್ಕ ಹೊಂಟಿದ್ದೆ. ಇಟ್ಟಂಗಿಹಾಳದ ಕಡೆ ಹೊಳ್ಳೂ ದಾರಿ ಹಂತೇಲಿ ರಸ್ತಾ ಖಾಲಿ ಇತ್ತು. ದೇವರಾಣೆ ಖಾಲಿ ಇತ್ತು ಸೌಭಾಗ್ಯ. ಒಮ್ಮಿಂದೊಮ್ಮಿಲೆ ಎಡಕ್ಕ ಕಿವಿ ಒಡದು ಹೋಗೂವಂಥಾ ಹಾರ್ನು, ಬ್ರೇಕಿನ ಕಿರಚಾಟ. ದ್ರಾಕ್ಷಿ ಟ್ರೇ ಹೇರಿದ ಟೆಂಪೋ ನನ್ನ ಮೊಣಕಾಲಿಗೆ ಗೇಣು ದೂರದಾಗ ನಿಂತಿತ್ತು. ಅದು ಎಲ್ಲಿಂದ ಬಂತು ಅಂತ ನನಗ ತಿಳೀಲಿಲ್ಲ. ಬರಲಿಲ್ಲ ಅದು, ಹುಟ್ಟಿತು. ಡ್ರೈವರ್ ಇಳದು ಬಂದ. ಬೈಯಾಕ ಬಾಯಿ ತೆರದಾವ ನನ್ನ ಮುಖ ನೋಡಿ, "ಯವ್ವಾ, ಆರಾಮ ಇದ್ದೀರಿಲ್ಲೋ? ನೆಳ್ಳಾಗ ಕುಂದರ್ರಿ ಬರ್ರಿ" ಅಂದ. ಸ್ಕೂಟಿ ತಳ್ಳಿಕೊಂಡು ನಡಕೋತ ಮನಿಗೆ ಬಂದೆ. ಆ ದಿನ ಇವರು ಉಪವಾಸ ಉಳದರು. ಗ್ಯಾಸ್ ಮುಗದಿತ್ತು ಅಂತ ಹೇಳಿದೆ.

ಮರುದಿನ ಮಧ್ಯಾಹ್ನ ಪಡದೆ ಎಳದು, ಟ್ಯೂಬಿನ ಮುಂದ ಕುಂತೆ. ಆಯುಷ್ಯಪೂರ್ತಿ ಹುಡಿಗ್ಯಾರಿಗೆ ಹೇಳಿಕೊಟ್ಟಿದ್ದು ಒಂದ: ಸಂಶಯ ಬಂದರ ಅತ್ತು ಕುಂದರಬ್ಯಾಡ್ರಿ, ಪರೀಕ್ಷಾ ಮಾಡ್ರಿ. ಎಂಟು ಹಚ್ಚಿದೆ, ಮೂರು ಕಂಡಿತು. ಸ್ವಿಚ್ ತಗದೆ. ಟ್ಯೂಬನ್ನ ಹಲಗಿ ಸಮೇತ ತಲಿಕೆಳಗ ಮಾಡಿ ಇಟ್ಟೆ. ನೀನೂ ಸ್ವಲ್ಪ ವಿಚಾರ ಮಾಡು. ಎಂಟು ತಲಿಕೆಳಗ ಮಾಡಿದರೂ ಎಂಟು. ಖರೆ ಟ್ಯೂಬಿನ ಒಂದು ಬಾಜೂ ಸತ್ತಿದ್ದರ, ತಿರುವಿದ ಮ್ಯಾಲ ಆ ಸತ್ತ ಬಾಜೂ ಎಡದಿಂದ ಬಲಕ್ಕ ಬರಬೇಕು. ಮೂರು ಉಲ್ಟಾ ಕಾಣಬೇಕು. ಮತ್ತ ಸ್ವಿಚ್ ಹಾಕಿದೆ.

ಮೂರು ಕಂಡಿತು. ನೆಟ್ಟಗ ನಿಂತ, ಚೆಂದನ ಮೂರು.

ಟ್ಯೂಬು ತಿರುಗಿತ್ತು, ಕತ್ತಲಿ ತಿರುಗಿರಲಿಲ್ಲ. ಅದು ಎಡಕ್ಕ ಇತ್ತು, ಎಡಕ್ಕ ಉಳೀತು. ಎಡಗಣ್ಣ ಮುಚ್ಚಿ ನೋಡಿದೆ, ಮೂರು. ಬಲಗಣ್ಣ ಮುಚ್ಚಿ ನೋಡಿದೆ, ಮೂರು. ಎರಡೂ ಕಣ್ಣಿಗೆ ಒಂದ ಬಾಜೂ ಕತ್ತಲಿ ಅಂದರ ಅದು ಕಣ್ಣಿನ ಜಡ್ಡಲ್ಲ ಅಂತ ತಿಳಿಯೂವಷ್ಟು ಓದೇನಿ. ಅಷ್ಟು ಓದಬಾರದಿತ್ತು ಅಂತ ಅವತ್ತ ಅನಿಸಿತು. ಎದ್ದು ನೀರು ಕುಡಿಯೂಣು ಅಂದರ ಕುರ್ಚಿಯಿಂದ ಏಳಾಕ ಧೈರ್ಯ ಬರಲಿಲ್ಲ. ನನ್ನ ಮನಿ, ನನ್ನ ಖೋಲಿ, ಖರೆ ಅದರ ಅರ್ಧದಾಗ ಏನೈತಿ ಅಂತ ನನಗ ಗೊತ್ತಿಲ್ಲ. ಅಷ್ಟು ದಿನಾ ಗೊತ್ತಿಲ್ಲದ ಅದರಾಗ ಅಡ್ಡಾಡಿದ್ದೆ.

ಸುರೈಯಾಗ ಫೋನ್ ಮಾಡಿದೆ. ನೆನಪೈತಿಲ್ಲೋ, ನನ್ನ ಜೋಡಿ ಕಾಲೇಜಿನ್ಯಾಗ ಗಣಿತ ಕಲಿಸತಿದ್ದಳು, ಈಗ ನಮ್ಮ ಹಿಂದಿನ ಓಣ್ಯಾಗ ಮನಿ. ಸೆರಗ ಸರಿ ಮಾಡಿಕೊಳ್ಳದ ಓಡಿ ಬಂದಳು. ನನ್ನ ಎದುರಿಗೆ ಕುಂತು, "ನಂದಾ, ನನ್ನ ಮೂಗು ನೋಡು. ಮೂಗಿನ ಮ್ಯಾಲಿಂದ ಕಣ್ಣ ತಗೀಬ್ಯಾಡ" ಅಂದಳು. ನೋಡಿದೆ. ಆಕಿ ಮುಖ ಅರ್ಧಾ ಇತ್ತು. ಒಂದು ಕಣ್ಣು, ಅರ್ಧಾ ತುಟಿ, ಒಂದು ಕಿವಿ. ನಲವತ್ತು ವರ್ಷದಿಂದ ನೋಡಿದ ಮುಖ.

"ಈಗ ನನ್ನ ಬೆರಳು ಕಾಣತಾವೇನು?" ಅಂದಳು.

"ಎಲ್ಲಿ ಅದಾವ ಬೆರಳು?"

"ಯಾ ಅಲ್ಲಾ" ಅಂತ ಮೆಲ್ಲಕ ಅಂದದ್ದು ಕೇಳಿತು. ಆಮ್ಯಾಲ ನನ್ನ ಕೈ ಹಿಡಕೊಂಡು, "ಈಗ ಏನೂ ವಿಚಾರ ಮಾಡಬ್ಯಾಡ. ಚಪ್ಪಲಿ ಹಾಕು, ಡಾಕ್ಟರ ಹಂತೇಲಿ ಹೋಗೂಣು" ಅಂದಳು.

ಕಣ್ಣಿನ ಡಾಕ್ಟರು ಕಣ್ಣು ಸರಿ ಅದಾವ ಅಂದರು. ಅಂಥಾ ಚಲೋ ಸುದ್ದಿ ಕೇಳಿ ಅಷ್ಟು ಅಂಜಿದ್ದು ಅದ ಮೊದಲು. ಅಲ್ಲಿಂದ ತಲಿ ಸ್ಕ್ಯಾನಿಗೆ ಕಳಿಸಿದರು. ಆ ಯಂತ್ರದ ಬಾಯಾಗ ಮಲಗಿದಾಗ ಢಬಾ ಢಬಾ ಸಪ್ಪಳ. ಅಲ್ಲಾಡಬ್ಯಾಡ್ರಿ ಅಂದರು. ನಾ ಮನಸ್ಸಿನ್ಯಾಗ ಅಂಕಿ ಹಚ್ಚಿಕೋತ ಮಲಗಿದೆ, ಸೊನ್ನಿ, ಒಂದು, ಎರಡು. ಮೂರಕ್ಕ ಬಂದ ಕೂಡಲೇ ಅದು ಮೂರೋ ಎಂಟೋ ಅಂತ ಹೆದರಿ ಮತ್ತ ಸೊನ್ನಿಯಿಂದ ಸುರು ಮಾಡತಿದ್ದೆ.

ಮಿದುಳಿನ ಹೊದಿಕಿಯಿಂದ ಒಂದು ಗಂಟು ಬೆಳದೈತಂತ. ಹಿಂಬದಿಗೆ, ಬಲಕ್ಕ. ಲಿಂಬಿಕಾಯಿಯಷ್ಟು. ಕಣ್ಣು ನೋಡಿದ್ದನ್ನ ತಿಳಕೊಳ್ಳೂ ಜಾಗಾನ ಅದು ಒತ್ತಿ ಹಿಡದೈತಿ.

ಇವರಿಗೆ ಹೇಳೂದ ದೊಡ್ಡ ಕೆಲಸ ಆತು. ಸುರೈಯಾ ಬಾಜೂಕ ಕುಂತಳು, ನಾ ಹೇಳಿದೆ. ಇವರು ಸೀದಾ ನನ್ನ ಟೇಬಲ್ಲಿಗೆ ಹೋಗಿ ವಾಯರ್ ಕಿತ್ತರು. "ಇದರಿಂದನ ಆಗೈತಿ. ನಾ ಬಾಯಿ ಬಡಕೊಂಡೆ, ನೀ ಕೇಳಲಿಲ್ಲ" ಅಂದರು. ಗಡಿಯಾರ, ಟ್ಯೂಬು, ಎಲ್ಲಾನೂ ಒಣದ್ರಾಕ್ಷಿ ಮಣೂಕದ ಡಬ್ಬಿಯೊಳಗ ತುಂಬಿ ಅಟ್ಟಕ್ಕ ಒಗದರು. ಗಾಜು ಒಡದ ಸಪ್ಪಳ ಬಂತು. ನಾ ಬ್ಯಾಡ ಅನ್ನಲಿಲ್ಲ. ಯಾಕಂದರ ಒಳಗೊಳಗ ನನಗೂ ಅದ ಅಂಜಿಕಿ ಇತ್ತು. ಹಳೇ ಕಾಲದ ಕೆಲವು ಟ್ಯೂಬಿನ್ಯಾಗ ಒಂದು ಚೂರು ವಿಕಿರಣದ ಗ್ಯಾಸ್ ಸೇರಸತಿದ್ದರು ಅಂತ ನಾ ಓದಿದ್ದೆ. ಡಾಕ್ಟರಿಗೆ ಕೇಳಿದೆ. ಅವರು ತಲಿ ಅಲ್ಲಾಡಿಸಿ, "ಇಲ್ಲ ಮೇಡಂ, ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಈ ಗಂಟು ನಿಮ್ಮ ತಲಿಯೊಳಗ ವರ್ಷಗಟ್ಟಲೆ ಸಾವಕಾಶ ಬೆಳದೈತಿ. ಆ ಅಂಕಿ ನೋಡೂ ಹುಚ್ಚು ಇರಲಿಲ್ಲಂದರ ನಿಮಗ ಇನ್ನೂ ಗೊತ್ತಾಗತಿರಲಿಲ್ಲ" ಅಂದರು. ಇವರು ಬಾಜೂಕ ನಿಂತು ಕೇಳಿದರು. ನಂಬಿದರೋ ಇಲ್ಲೋ ಗೊತ್ತಿಲ್ಲ.

ಬರೂ ಸೋಮವಾರ ಸೊಲ್ಲಾಪುರದಾಗ ಆಪರೇಶನ್. ತಲಿ ಬುರುಡಿ ತಗದು ಗಂಟು ತಗೀತಾರಂತ. ಡಾಕ್ಟರು ಭಾಳ ಸಮಾಧಾನದಿಂದ ಎಲ್ಲಾ ಹೇಳಿದರು, ಒಳ್ಳೇದು ಆಗೂದೂ ಹೇಳಿದರು, ಕೆಟ್ಟದ್ದೂ ಹೇಳಿದರು. ನನಗ ಕೆಟ್ಟದ್ದಷ್ಟ ನೆನಪ ಉಳದೈತಿ. ಸಾಯೂದಕ್ಕ ಅಂಜಾಕತ್ತೇನಿ ಅಂತ ತಿಳೀಬ್ಯಾಡ. ಕಣ್ಣ ತೆರೆದಾಗ ಉಳಿದ ಅರ್ಧಾನೂ ಇಲ್ಲಂದರ ಏನ ಮಾಡಲಿ? ಇಲ್ಲದ್ದು ಇಲ್ಲಂತ ನನಗ ತಿಳಿಯೂದ ಇಲ್ಲಲ್ಲ, ಅದು ನನ್ನ ಹೆದರಿಸತೈತಿ. ಕತ್ತಲಿ ಕಾಣಿಸಿದ್ದರ ಇಷ್ಟು ಅಂಜತಿರಲಿಲ್ಲ. ಎಡಕ್ಕ ನನಗ ಕತ್ತಲಿ ಸೈತ ಕಾಣೂದಿಲ್ಲ. ಅಲ್ಲಿ ಜಗತ್ತು ಇಲ್ಲ, ಅಷ್ಟ. ನಿನ್ನ ಕಿವಿ ಹೋಗಾಕ ಸುರು ಆದಾಗ ನಿನಗೂ ಹಿಂಗ ಅನಿಸಿತ್ತೇನು? ಬರಿ. ಈ ಮನ್ಯಾಗ ಎಲ್ಲಾರೂ ನನಗ ಧೈರ್ಯ ಹೇಳತಾರ, ಅಂಜಿಕಿಯ ಮಾತು ಆಡಾವರು ಯಾರೂ ಇಲ್ಲ.

ನೀ ಬರೂದು ಬ್ಯಾಡ. ಬಂದರ ನೀ ಅಳತೀ, ನಿನ್ನ ನೋಡಿ ನಾ ಅಳತೇನಿ, ಸುರೈಯಾ ನಮ್ಮಿಬ್ಬರಿಗೂ ಬೈತಾಳ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಕೈಲಿ ಆದರ ಸೋಮವಾರ ನಸುಕಿನ್ಯಾಗ ದೇವರ ಮುಂದ ಒಂದು ದೀಪ ಹಚ್ಚು, ನನ್ನ ಹೆಸರ ಬಾಯಿ ಬಿಟ್ಟು ಹೇಳು.

ನಿನ್ನ ಅಕ್ಕ,
ನಂದಾ

---

ವಿಜಯಪುರ
೨೦ ಏಪ್ರಿಲ್ ೨೦೨೫

ಪ್ರೀತಿಯ ಸೌಭಾಗ್ಯ,

ಅದೇನಿ. ನಿನ್ನ ಅಕ್ಕ ಇನ್ನೂ ಅದಾಳ.

ಮುಂದಿನ ಮಾತು ಬರಿಯಾಕ ಇಷ್ಟು ದಿನಾ ತಗೊಂಡೆ, ಕ್ಷಮಾ ಮಾಡು. ನಿನ್ನ ಎರಡೂ ಕಾಗದ ಬಂದು ಮುಟ್ಟಿದವು. ಓದಾಕ ಸುರೈಯಾ ಬೇಕಾತು, ಮೊದಮೊದಲ ನನಗ ಸಾಲಿನ ಸುರುವಾತ ಸಿಗತಿರಲಿಲ್ಲ. ಎಲ್ಲಾ ಸಾಲೂ ನಡುವಿಂದನ ಹುಟ್ಟತಿದ್ದವು. ಈಗ ಹಾಳಿಯ ಎಡದ ಅಂಚಿಗೆ ಕೆಂಪು ದಾರ ಇಟ್ಟು, ದಾರ ಕಾಣೂತನಾ ತಲಿ ತಿರುವಿ ಓದಾಕತ್ತೇನಿ. ಈ ಕಾಗದನೂ ಹಂಗ ಬರದೇನಿ, ನೋಡು, ಹಾಳಿ ತುಂಬೈತಿ.

ಆಪರೇಶನ್ ದಿನದ್ದು ಹೇಳತೇನಿ. ಒಳಗ ಒಯ್ಯೂವಾಗ ಇವರು ಸ್ಟ್ರೆಚರಿನ ಎಡಕ್ಕ ನಡಕೋತ ಬಂದರಂತ. ಇವರು ಎಲ್ಲಿ ಹೋದರಂತ ನಾ ಬಲಕ್ಕ ಹುಡುಕಾಕತ್ತಿದ್ದೆ. ಹೋಗೂವಾಗ ಮುಖ ತೋರಸಲಿಲ್ಲಲ್ಲ ಅಂತ ಸಂಕಟ ಆತು. ಅಷ್ಟ ನೆನಪು. ಎಚ್ಚರ ಆದಾಗ ಮೊದಲ ಕಣ್ಣ ತೆರೀಲಿಲ್ಲ. ಬೇಕಂತ ಮುಚ್ಚಿಕೊಂಡು ಮಲಗಿದೆ. ನರ್ಸಬಾಯಿ, "ಅವ್ವಾರ, ಎಚ್ಚರ ಅದೀರಂತ ಗೊತ್ತೈತಿ, ಕಣ್ಣ ತೆರೀರಿ" ಅಂದಳು. ತೆರೀಲಿಲ್ಲ. ರೆಪ್ಪಿ ಹಿಂದ ಇದ್ದಾಗ ಇನ್ನೂ ಎಲ್ಲಾ ಇರಬಹುದು ಅನಿಸತಿತ್ತು. ಇವರು ಬಂದು, "ನಂದಾ, ನಾ ಅದೇನಿ" ಅಂದ ಮ್ಯಾಲ ತೆರದೆ. ಮ್ಯಾಲ ಫ್ಯಾನು ಇತ್ತು. ಅದರ ರೆಕ್ಕಿ ಬಲಕ್ಕ ಬಂದು ಎಡಕ್ಕ ಮುಳುಗತಿದ್ದವು.

ಗಂಟು ಪೂರ್ತಿ ತಗದಾರ. ಕೆಟ್ಟ ಜಾತಿದಲ್ಲ, ಮತ್ತ ಬರೂ ಸಂಭವ ಕಮ್ಮಿ ಅಂತ ರಿಪೋರ್ಟ್ ಬಂದೈತಿ. ಎಲ್ಲಾರೂ ಪೇಢಾ ಹಂಚಿದರು. ಕಾಶಕ್ಕ ಬಬಲೇಶ್ವರದಿಂದ ಬಂದು ಎಂಟು ದಿನ ಉಳದು ನನ್ನ ತಲಿಗೆ ಬಿಸಿನೀರು ಹಾಕದ ಮೈಯಷ್ಟ ತೊಳದು ಹೋದರು. ಖರೆ ಎಡದ ಅರ್ಧಾ ಬರಲಿಲ್ಲ. ಆರು ತಿಂಗಳದಾಗ ಸ್ವಲ್ಪ ಬರಬಹುದು, ಬರದನೂ ಇರಬಹುದು, ಬರೂ ದಾರಿ ಕಾಯೂದಕ್ಕಿಂತ ತಲಿ ತಿರುವಿ ನೋಡೂದ ಕಲೀರಿ ಅಂದಾರ ಡಾಕ್ಟರು.

ಅಂಜಿಕಿ ಹೋಗಿಲ್ಲ, ಸೌಭಾಗ್ಯ. ರೂಪ ಬದಲ ಮಾಡೈತಿ ಅಷ್ಟ. ಮೊದಲ ತಿಳೀದ ಅಂಜತಿದ್ದೆ, ಈಗ ತಿಳದು ಅಂಜತೇನಿ. ಹಾಲಿನಾಕಿ ಪರಸವ್ವ ಎಡಕ್ಕ ನಿಂತು "ಯಕ್ಕಾರ" ಅಂದರ ಜೀವ ಹಾರತೈತಿ. ಬೆಕ್ಕು ಒಮ್ಮೆಲೆ ತೊಡಿ ಮ್ಯಾಲ ಹುಟ್ಟತೈತಿ. ಒಂದು ದಿನ ಗಾಂಧಿ ಚೌಕಿಗೆ ಹೋದೆ, ಸುರೈಯಾ ಕೈ ಹಿಡಕೊಂಡಿದ್ದಳು. ಎಡಕ್ಕ ಇಲ್ಲದ ಜಾಗಾದಿಂದ ಹೆಗಲು, ಚೀಲ, ಸೈಕಲ್ ಹ್ಯಾಂಡಲ್ಲು, ಒಂದೊಂದಾಗಿ ಬಂದು ನನ್ನ ಬಡದವು. ಅರ್ಧಾ ಸಂತಿಯೊಳಗ ನಿಂತು, "ಮನಿಗೆ ಹೋಗೂಣು" ಅಂತ ಸಣ್ಣ ಹುಡಿಗಿ ಹಂಗ ಅತ್ತೆ. ಆವತ್ತಿನಿಂದ ಅಂಗಳ ದಾಟಿಲ್ಲ.

ಇವರು ಅಂಗಡಿ ಅರ್ಧಾ ದಿನ ತಮ್ಮ ಅಣ್ಣನ ಮಗ ಅರುಣಕುಮಾರಗ ಬಿಟ್ಟಾರ. ದ್ರಾಕ್ಷಿ ಸುಗ್ಗಿ ಇದು, ಘೋಣಸಗಿ, ಕನಮಡಿಯಿಂದ ರೈತರು ಬಂದು, ಸಾವಕಾರ್ರು ಎಲ್ಲಿ ಅಂತ ಕೇಳಿ ಹೊಳ್ಳಿ ಹೋಗತಾರಂತ. ಅಂಥಾ ಹೊತ್ತಿನ್ಯಾಗ ಮನ್ಯಾಗ ಕುಂತು ಏನ ಮಾಡತಾರ ಗೊತ್ತೇನು? ನೀ ನಂಬೂದಿಲ್ಲ. ಕರೆಂಟಿಗೆ ಅಂಜೂ ಮನಷ್ಯಾ, ತಾವ ಅಟ್ಟ ಹತ್ತಿ ಆ ಡಬ್ಬಿ ಇಳಿಸಿದರು. ಒಡದ ಗಾಜು ಆರಿಸಿ ತಗದರು. ಉಳದ ಟ್ಯೂಬು ಒಂದೊಂದ ಅರಿವಿಲೆ ಒರಸಿದರು. ರಬ್ಬರ್ ಚಪ್ಪಲಿ ಹಾಕ್ಕೊಂಡು ಕಟ್ಟಿಗಿ ಮಣಿ ಮ್ಯಾಲ ನಿಂತು, ನಾ ಹೇಳಿದಂಗ ವಾಯರ್ ಜೋಡಿಸಿದರು. ಎಡಗೈ ಬೆನ್ನ ಹಿಂದ ಇತ್ತು. ಸ್ವಿಚ್ ಹಾಕೂವಾಗ ಮುಖ ಆ ಕಡೆ ತಿರುವಿ ಕಣ್ಣ ಮುಚ್ಚಿದರು. ಅಂಕಿ ಹೊತ್ತಿತು.

"ಡಾಕ್ಟರ್ ಹೇಳ್ಯಾರ. ಎಡಕ್ಕ ಕುಂತು ಮಾತಾಡಸಬೇಕಂತ. ಎಡಕ್ಕ ಬೆಳಕ ಇಡಬೇಕಂತ" ಅಂದರು. ಅಂದಿನಿಂದ ದಿನಾ ಮುಂಜಾನೆ ನನ್ನ ಎಡಕ್ಕ ಕುರ್ಚಿ ಹಾಕ್ಕೊಂಡು ಕುಂದರತಾರ. ನಮ್ಮ ಸಾಲಿ ಮಾಸ್ತರ್ರೂ ಇಷ್ಟು ಬಿಗಿ ಇರಲಿಲ್ಲ.

"ಎಷ್ಟು?" ಅಂತಾರ.

"ಮೂರು."

"ತಲಿ ತಿರುವು."

ತಿರುವತೇನಿ. ಅರ್ಧಾ ಕಾಣದ್ದು ಸಾವಕಾಶ ತೇಲಿ ಬರತೈತಿ. "ಎಂಟು" ಅಂತೇನಿ.

"ಮತ್ತ ಮೊದಲ ಮೂರು ಯಾಕ ಅಂದಿ? ಹೇಳೂಕಿಂತ ಮೊದಲ ತಿರುವು. ತಿರುವದ ಹೇಳಬ್ಯಾಡ."

ಒಂದು ದಿನ ನನಗೂ ಸಿಟ್ಟು ಬಂತು. "ನೀವೇನು ಹುಡಿಗಿ ಪಾಸ್ ಮಾಡಸಾಕತ್ತೀರೇನ್ರಿ? ಬರೂದಿಲ್ಲ ಅಂದರ ಬರೂದಿಲ್ಲ" ಅಂದೆ. ಇವರು, "ಟೆಂಪೋದ ಸುದ್ದಿ ನನಗ ಡ್ರೈವರ್ ಹೇಳಿದ. ನಮ್ಮ ಗಿರಾಕಿಯ ಗಾಡಿ ಅದು" ಅಂದರು. ಆಮ್ಯಾಲ, "ಹೂಂ, ಎಷ್ಟು?" ಅಂದರು.

ಮೊದಲಿನ ತಿಂಗಳು ಚಲೋ ಕಲತೆ. ಚಾದ ಕಪ್ಪು ಎಡಕ್ಕ ಇಟ್ಟರೂ ಹುಡುಕಿ ತಗೋತಿದ್ದೆ. ಎಲಿ ತಿರುವಿ ಉಣ್ಣತಿದ್ದೆ. ಕಳೆದ ವಾರ ತೋರಿಸಾಕ ಹೋದಾಗ ಡಾಕ್ಟರು ಪರೀಕ್ಷಾ ಮಾಡಿ, ಹುಬ್ಬ ಗಂಟ ಹಾಕಿದರು. "ಮೇಡಂ, ಎಡಕ್ಕೆ ತಿರುಗೂದು ಮೊದಲಿಗಿಂತ ಕಮ್ಮಿ ಆಗೈತಲ್ಲ. ಪ್ರಾಕ್ಟೀಸ್ ಬಿಟ್ಟೀರೇನು?" ಅಂದರು. ಇವರು, "ಇಲ್ರೀ, ದಿನಾ ಮಾಡಸತೇನಿ" ಅಂದರು. ನಾ ಕುತ್ತಿಗಿ ನೋಯ್ತೈತಿ ಅಂದೆ. ಮುಲಾಮು ಬರದು ಕೊಟ್ಟಾರ.

ಇರಲಿ. ನೀ ಕಳಿಸಿದ ಸೀರಿ ಭಾಳ ಚೆಂದ ಐತಿ, ಸೆರಗಿನ ಕೆಂಪು ಪೂರ್ತಿ ನೋಡಾಕ ನಾ ಸೀರಿನ ತಿರುವಿದೆ. ನಿನ್ನ ಕಿವಿಗೆ ಹೊಸಾ ಮಶೀನ್ ಹಾಕಸ್ತಾರಂತ ಬರದೀಯಲ್ಲ, ಅಂಜಬ್ಯಾಡ, ಹಾಕಿಸಿಕೋ. ಮಕ್ಕಳು ನೂರು ಕಾಲ ಚೆಂದ ಬಾಳಲಿ. ನಿನ್ನ ಸೊಸಿಯ ಬಸರು ಸುಖರೂಪ ಹಗುರಾಗಲಿ. ನಿನ್ನ ಮನಿಯೊಳಗ ಯಾವ ಮೂಲ್ಯಾಗೂ ಕತ್ತಲಿ ಉಳಿಯದಿರಲಿ ಅಂತ ನಿನ್ನ ಅಕ್ಕ ಹರಸತಾಳ.

ನಿನ್ನವಳೇ,
ನಂದಕ್ಕ

ತಾ.ಕ.: ಕುತ್ತಿಗಿ ನೋಯೂದಿಲ್ಲ, ಸೌಭಾಗ್ಯ. ನಿನಗ ಸುಳ್ಳು ಹೇಳಿ ಕಾಗದ ಮಡಚಾಕ ಆಗವಲ್ದು. ಯುಗಾದಿ ಆದ ಮ್ಯಾಲ ಒಂದು ಮುಂಜಾನೆ, ಇವರು ಕೇಳೂಕಿಂತ ಮೊದಲ ನಾನಾಗಿ ತಲಿ ತಿರುವಿದೆ, ನೋಡ್ರಿ ಕಲತೇನಿ ಅಂತ ತೋರಸಾಕ. ಇವರು ಟಾವೆಲ್ ಬಾಯಾಗ ತುರುಕಿಕೊಂಡು ಅಳಾಕತ್ತಿದ್ದರು. ಕಣ್ಣ ಮುಚ್ಚಿದ್ದರು, ಅಂಗಿಯ ಎದಿ ತೊಯ್ದಿತ್ತು. ಒಂದು ಸಪ್ಪಳ ಇಲ್ಲ. ಅದು ಆಗಷ್ಟ ಸುರು ಆದ ಅಳು ಅಲ್ಲ. ಅಷ್ಟೂ ದಿನಾ ಆ ಬಾಜೂ ಕುಂತು ನನಗ ಬೈಯೂ ದನಿಯೊಳಗ ಮಾತಾಡಕೋತ ಹಂಗ ಅಳತಿದ್ದರು, ತಲಿ ತಿರುವು ಅನ್ನೂಕಿಂತ ಮೊದಲ ಮುಖ ಒರಸಿಕೋತಿದ್ದರು. ಈ ಮನ್ಯಾಗ ನನಗ ಕಾಣದಂಗ ಅಳಾಕ ಅವರಿಗೆ ಅದೊಂದ ಜಾಗಾ ಸಿಕ್ಕಿತ್ತು. ನಾ ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ. ಮೆಲ್ಲಕ ಮುಖ ಬಲಕ್ಕ ಹೊಳ್ಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಗಂಟಲ ಸರಿ ಮಾಡಿಕೊಂಡು, "ಎಷ್ಟು?" ಅಂದರು. "ಮೂರು" ಅಂದೆ. "ತಲಿ ತಿರುವು" ಅಂದರು. ನನಗ ತಿರುವಾಕ ಬರತೈತಿ ಈಗ, ಚಲೋತಂಗ ಬರತೈತಿ. ಆ ಕಡೆ ನೋಡಾಕ ಅಂಜಿಕಿ ಬರತೈತಿ.